ತೃತೀಯ ಭಾಷೆಯ ಜಾಗದಲ್ಲಿ ಆಟೊಮೊಬೈಲ್: ಎರಡು ವರ್ಷದ ಅನುಭವ

ನಮ್ಮ ಮಗ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಎರಡು ವರ್ಷ ಓದಿದ ಎನ್‌ಎಸ್‌ಕ್ಯುಎಫ್ (ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು) ಅಡಿಯ ಆಟೊಮೊಬೈಲ್ ಎಂಬ ವೃತ್ತಿ ಶಿಕ್ಷಣ ವಿಷಯದ ಕುರಿತು, ಈಗ ಎಂಟನೇ ತರಗತಿ ಮುಗಿಸುತ್ತಿರುವ ಮಕ್ಕಳ ಪೋಷಕರಿಗೆ ಅನುಕೂಲವಾದೀತೆಂದು ಬರೆಯುತ್ತಿದ್ದೇನೆ.

ಕೇಂದ್ರ ಸರ್ಕಾರವು 2013ರ ಡಿಸೆಂಬರ್‌ನಲ್ಲಿ ಅಧಿಸೂಚನೆ ಹೊರಡಿಸಿದ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿನಡಿ ಬಂದ ಈ ವಿಷಯಗಳು ನಮ್ಮ ರಾಜ್ಯದಲ್ಲಿ ಹೆಚ್ಚುವರಿ ಹೊರೆಯಲ್ಲ. 9 ಮತ್ತು 10ನೇ ತರಗತಿಯಲ್ಲಿ ತೃತೀಯ ಭಾಷೆಯನ್ನು ಬಿಟ್ಟು ಮಾಹಿತಿ ತಂತ್ರಜ್ಞಾನ, ರಿಟೇಲ್, ಆಟೊಮೊಬೈಲ್ ಮುಂತಾದವುಗಳಲ್ಲಿ ಆಯಾ ಶಾಲೆಯಲ್ಲಿರುವುದನ್ನು ತೆಗೆದುಕೊಳ್ಳಬಹುದು. ಅಂಕಗಳು ಎಸ್ಸೆಸ್ಸೆಲ್ಸಿಯ 625ರಲ್ಲೇ ಸೇರುತ್ತವೆ. ಹಿಂದಿಯಿಂದ ಪಾರಾಗಬಹುದೆಂಬುದೇ ನಮ್ಮ ಹುಡುಗನಿಗೆ ಮೊದಲ ಆಕರ್ಷಣೆಯಾಗಿತ್ತು ಎಂಬುದನ್ನು ಮುಚ್ಚಿಡಲಾರೆ.

ಮೊದಲ ವರ್ಷ ಗುತ್ತಿಗೆ ತರಬೇತುದಾರರು ಬರುವ ಹೊತ್ತಿಗೆ ಆಗಸ್ಟ್ ಕಳೆದಿತ್ತು, ಅಲ್ಲಿಯವರೆಗೆ ಮಕ್ಕಳು ಪುಸ್ತಕದ ಚಿತ್ರ ನೋಡಿಕೊಂಡೇ ಕಾರ್ಬ್ಯುರೇಟರ್ ಕಲಿತರು. ಬಂದವರು ಮಾತ್ರ ಶ್ರದ್ಧೆಯ ಮನುಷ್ಯರು: ಗುಜರಿಯಿಂದ ಹಳೆಯ ಸ್ಕೂಟರ್ ಎಂಜಿನ್ ತರಿಸಿ, ಬಿಚ್ಚಿಸಿ, ಮತ್ತೆ ಜೋಡಿಸುವವರೆಗೂ ಬಿಡುತ್ತಿರಲಿಲ್ಲ. ಪಾಠದಲ್ಲಿ ಎಂದೂ ಕೈ ಎತ್ತದಿದ್ದ ಹುಡುಗ ಮನೆಯ ಬೈಕಿನ ಸ್ಪಾರ್ಕ್ ಪ್ಲಗ್ ತಾನೇ ಬದಲಿಸಿದ ದಿನ ನನ್ನ ಅನುಮಾನ ಅರ್ಧ ಕರಗಿತು.

ಉಳಿದರ್ಧ ಕರಗದಿರಲು ಕಾರಣ ಹತ್ತನೆಯ ತರಗತಿಯ ಆಚೆಗಿದೆ. ಪಾಲಿಟೆಕ್ನಿಕ್ ಪ್ರವೇಶಕ್ಕೆ ನೋಡುವುದು ಗಣಿತ ಮತ್ತು ವಿಜ್ಞಾನದ ಅಂಕಗಳನ್ನು. ಆಟೊಮೊಬೈಲ್ ಎಂಜಿನಿಯರಿಂಗ್ ಡಿಪ್ಲೊಮಾ ಬಯಸುವವನಿಗೂ ಆಟೊಮೊಬೈಲ್‌ನ ಅಂಕ ಅಲ್ಲಿ ಲೆಕ್ಕಕ್ಕಿಲ್ಲವೆಂದರೆ, ವಿಷಯವನ್ನು ಶಾಲೆಗೆ ತಂದವರು ಅದರ ಮುಂದಿನ ದಾರಿಯನ್ನು ಯೋಚಿಸಿದಂತೆ ಕಾಣುವುದಿಲ್ಲ. 2025ರೊಳಗೆ ಕನಿಷ್ಠ ಅರ್ಧದಷ್ಟು ವಿದ್ಯಾರ್ಥಿಗಳಿಗೆ ವೃತ್ತಿ ಶಿಕ್ಷಣದ ಪರಿಚಯವಾಗಬೇಕೆಂದು 2020ರ ರಾಷ್ಟ್ರೀಯ ನೀತಿ ಹೇಳಿತ್ತು, ಪರಿಚಯವೇನೋ ಆಯಿತು. ಇತ್ತ ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗವು 2025ರ ಆಗಸ್ಟ್‌ನಲ್ಲಿ ಸಲ್ಲಿಸಿದ ವರದಿಯಲ್ಲಿ ದ್ವಿಭಾಷಾ ಸೂತ್ರವನ್ನು ಶಿಫಾರಸು ಮಾಡಿದೆ. ತೃತೀಯ ಭಾಷೆಯೇ ಹೋದರೆ ಅದರ ಜಾಗದಲ್ಲಿ ಕುಳಿತಿರುವ ಈ ವಿಷಯಗಳಿಗೆ ಸ್ವಂತ ಸ್ಥಾನ ಸಿಗುತ್ತದೆಯೋ, ಇರುವುದೂ ತಪ್ಪುತ್ತದೆಯೋ ಎಂಬ ಪ್ರಶ್ನೆ ಪೋಷಕರಿಗೆ ಸಣ್ಣದಲ್ಲ.

ಕೈಕೆಲಸದಲ್ಲಿ ಆಸಕ್ತಿಯಿರುವ ಮಗುವಾದರೆ ಕೊಡಿಸಿ, ಆದರೆ ತರಬೇತುದಾರರ ನೇಮಕವಾಗಿದೆಯೇ ಎಂದು ಮುಖ್ಯೋಪಾಧ್ಯಾಯರನ್ನು ಜೂನ್‌ನಲ್ಲೇ ಕೇಳಿಕೊಳ್ಳಿ. ನಮ್ಮವನು ಈಗ ಐಟಿಐನಲ್ಲಿ ಮೋಟಾರ್ ವೆಹಿಕಲ್ ಮೆಕ್ಯಾನಿಕ್ ಟ್ರೇಡ್ ಸೇರಿದ್ದಾನೆ. ಅಲ್ಲಿ ಪಾಠ ಮತ್ತೆ ಸ್ಪ್ಯಾನರ್ ಹಿಡಿಯುವುದರಿಂದಲೇ ಶುರುವಾಗಿದೆ.