‘ಆರ್‌ಎಸ್-485 ಇದೆ’ ಅಂದ ಮಾತ್ರಕ್ಕೆ ಕಂಟ್ರೋಲರ್ ಕೊಳ್ಳಬೇಡಿ

ಕಾರವಾರದಿಂದ ಭಟ್ಕಳದವರೆಗೆ ಐಸ್ ಪ್ಲಾಂಟ್, ಕೋಲ್ಡ್ ಸ್ಟೋರೇಜ್ ನಡೆಸುವವರೆಲ್ಲ ಹೊಸ ಕಂಟ್ರೋಲರ್ ಹಾಕಿಸುವ ಮುಂಚೆ ಇದನ್ನು ಓದಿ.

ಕಾರವಾರದ ಒಂದು ಐಸ್ ಪ್ಲಾಂಟಿನಲ್ಲಿ ಆದದ್ದು. ಮೀನುಗಾರಿಕೆ ನಿಷೇಧದ ಜೂನ್–ಜುಲೈ ತಿಂಗಳಲ್ಲಿ ಹೊಸ ಟೆಂಪರೇಚರ್ ಕಂಟ್ರೋಲರ್ ಕೂರಿಸಿದರು. ಕೊಟೇಶನ್‌ನಲ್ಲಿ ‘ಆರ್‌ಎಸ್-485 ಪೋರ್ಟ್’ (ಬೇರೆ ಉಪಕರಣಕ್ಕೆ ತಂತಿಯಲ್ಲಿ ಮಾಹಿತಿ ಕಳಿಸುವ ಜೋಡಣೆ) ಎಂದಷ್ಟೇ ಇತ್ತು. ಆಗಸ್ಟ್‌ನಲ್ಲಿ ಬೋಟುಗಳು ಕಡಲಿಗಿಳಿದು ಐಸಿಗೆ ಬೇಡಿಕೆ ಏರಿದ ಹೊತ್ತಿಗೆ ಆ ಪೋರ್ಟಿಗೆ ಜೋಡಿಸಿದ್ದ ಡಿಸ್‌ಪ್ಲೇ ಕೆಟ್ಟಿತು. ಬೇರೆ ಕಂಪನಿಯದ್ದು ತಂದು ಜೋಡಿಸಿದರೆ ಒಂದೂ ರೀಡಿಂಗ್ ಬರಲಿಲ್ಲ. ಪೋರ್ಟ್ ಸರಿಯಾಗೇ ಇತ್ತು, ಪ್ರೋಟೋಕಾಲ್ (ಉಪಕರಣಗಳು ಮಾತಾಡುವ ಭಾಷೆ) ಮಾತ್ರ ಕಂಟ್ರೋಲರ್ ಕಂಪನಿಯ ಸ್ವಂತದ್ದು. ರಿಜಿಸ್ಟರ್ ಪಟ್ಟಿ (ಯಾವ ಅಂಕಿ ಯಾವ ವಿಳಾಸದಲ್ಲಿದೆ ಎಂಬ ವಿವರ) ಕೇಳಿದರೆ ಕೊಡಲಿಲ್ಲ. ಅವರದೇ ಡಿಸ್‌ಪ್ಲೇ ಬರುವವರೆಗೆ ಬ್ರೈನ್ (ಉಪ್ಪುನೀರು) ಟ್ಯಾಂಕಿಗೆ ಥರ್ಮಾಮೀಟರ್ ಅದ್ದಿ ನೋಡಿ, ಕಂಪ್ರೆಸರನ್ನು ಕೈಯಲ್ಲೇ ಆನ್-ಆಫ್ ಮಾಡಬೇಕಾಯಿತು.

ಆರ್‌ಎಸ್-485 ನಿಗದಿ ಮಾಡುವುದು ತಂತಿಯ ಮೇಲಿನ ಸಿಗ್ನಲನ್ನು ಮಾತ್ರ. ಯಾವ ಬೈಟ್ ಏನು ಹೇಳುತ್ತದೆ ಎಂಬುದು ಪ್ರೋಟೋಕಾಲ್‌ನ ಕೆಲಸ. ಮಾಡ್‌ಬಸ್ ಎಂಬ ಪ್ರೋಟೋಕಾಲ್ 1979ರಿಂದ ಇದೆ, ಅದರ ವಿವರ ಎಲ್ಲರಿಗೂ ಮುಕ್ತ, ಬಹುತೇಕ ಪಿಎಲ್‌ಸಿಗಳಿಗೆ (ಯಂತ್ರ ನಡೆಸುವ ಕೈಗಾರಿಕಾ ಕಂಪ್ಯೂಟರ್) ಅದು ಗೊತ್ತು. ಹಾಗಾಗಿ ಪರ್ಚೇಸ್ ಆರ್ಡರಿನಲ್ಲೇ ‘ಮಾಡ್‌ಬಸ್ ಆರ್‌ಟಿಯು ಸ್ಲೇವ್, ರಿಜಿಸ್ಟರ್ ಮ್ಯಾಪ್ ಸಹಿತ’ ಎಂದು ಬರೆಸಿ. ಆರ್‌ಟಿಯು ಅಂದರೆ ಇಂಥ ತಂತಿಯಲ್ಲಿ ಹೋಗುವ ಮಾಡ್‌ಬಸ್, ಸ್ಲೇವ್ ಅಂದರೆ ಕೇಳಿದಾಗ ಉತ್ತರ ಕೊಡುವ ಉಪಕರಣ, ಮ್ಯಾಪ್ ಅಂದರೆ ಆ ರಿಜಿಸ್ಟರ್ ಪಟ್ಟಿ.

ಮ್ಯಾಪ್ ಕೈಗೆ ಬಂತೆಂದು ಪೂರ್ತಿ ಹಣ ಕೊಡಬೇಡಿ. ಲ್ಯಾಪ್‌ಟಾಪಿಗೆ ಯುಎಸ್‌ಬಿ–485 ಕನ್ವರ್ಟರ್ ಹಾಕಿ, ಮಾಡ್‌ಬಸ್ ಸಾಫ್ಟ್‌ವೇರಿನಲ್ಲಿ ಫಂಕ್ಷನ್ 03ರಲ್ಲಿ (ಓದುವ ಆದೇಶ) ಉಷ್ಣತೆ ಓದಿ, 06ರಲ್ಲಿ (ಬರೆಯುವ ಆದೇಶ) ಸೆಟ್‌ಪಾಯಿಂಟ್, ಅಂದರೆ ಬೇಕಾದ ಉಷ್ಣತೆ, ಬದಲಿಸಿ ನೋಡಿ. ಓದಲು ಬಿಟ್ಟು ಬರೆಯಲು ಬಿಡದ ಮಾಡೆಲ್‌ಗಳೂ ಇವೆ. ಮ್ಯಾನುಯಲ್‌ನಲ್ಲಿ 40001 ಎಂದಿದ್ದರೆ ತಂತಿಯಲ್ಲಿ ಹೋಗುವ ವಿಳಾಸ 0. ಇಲ್ಲಿ ಒಂದು ಆಚೀಚೆಯಾದರೆ ಪಕ್ಕದ ರಿಜಿಸ್ಟರ್ ಓದುತ್ತೀರಿ. ಬ್ರೈನ್ -9 ಡಿಗ್ರಿ ಇದ್ದಾಗ 65446 ಕಂಡರೆ ಗಾಬರಿ ಬೇಡ. ಅದರಿಂದ 65536 ಕಳೆದರೆ -90; ಇಲ್ಲಿ ಉಷ್ಣತೆಯನ್ನು ಹತ್ತುಪಟ್ಟು ಮಾಡಿ ಕಳಿಸಿರುತ್ತಾರೆ, ಅಂದರೆ -9.0. ಸಾಫ್ಟ್‌ವೇರಿನಲ್ಲಿ ‘ಸೈನ್ಡ್’ (ಮೈನಸ್ ಸಂಖ್ಯೆಯೂ ಇರಬಹುದು ಎಂಬ ಆಯ್ಕೆ) ಆರಿಸಿದರೆ ಸರಿಹೋಗುತ್ತದೆ.

ಉತ್ತರವೇ ಬರದಿದ್ದರೆ ಮೊದಲು ಬಾಡ್ ರೇಟ್ (ಮಾಹಿತಿ ಹೋಗುವ ವೇಗ), ಪ್ಯಾರಿಟಿ (ತಪ್ಪು ಪತ್ತೆಯ ಬಿಟ್), ಸ್ಲೇವ್ ವಿಳಾಸ ಎರಡೂ ಕಡೆ ಹೊಂದುತ್ತವೆಯೇ ನೋಡಿ. ಆಮೇಲೆ ಪೋರ್ಟಿನ ಎ, ಬಿ ಎಂಬ ಎರಡು ಸಿಗ್ನಲ್ ತಂತಿ ಅದಲುಬದಲು ಮಾಡಿ; ಕಂಪನಿಯಿಂದ ಕಂಪನಿಗೆ ಈ ಗುರುತು ತಿರುಗಿರುತ್ತದೆ, ಅದಲುಬದಲಾದರೆ ಏನೂ ಸುಡುವುದಿಲ್ಲ.

ಕೇಬಲ್ ಒಂದರಿಂದ ಒಂದಕ್ಕೆ ಸಾಲಾಗಿ ಹೋಗಲಿ, ನಕ್ಷತ್ರದ ಹಾಗೆ ಕವಲೊಡೆಯುವುದು ಬೇಡ. 120 ಓಮ್ ರೆಸಿಸ್ಟರ್ ಲೈನಿನ ಎರಡು ತುದಿಗೆ ಮಾತ್ರ. ಪ್ರತಿ ಉಪಕರಣಕ್ಕೂ ಹಾಕುವ ಎಲೆಕ್ಟ್ರಿಷಿಯನ್ನರಿದ್ದಾರೆ, ಹಾಗೆ ಮಾಡಿದರೆ ಸಿಗ್ನಲ್ ಕುಸಿಯುತ್ತದೆ. ಕಾಮನ್‌ಗೆ (ಎಲ್ಲ ಉಪಕರಣಗಳಿಗೂ ಒಂದೇ ಸೊನ್ನೆ ವೋಲ್ಟ್) ಮೂರನೇ ತಂತಿ ಎಳೆಸಿ. ನಮ್ಮ ಉಪ್ಪು ಗಾಳಿಗೆ ಬರಿ ತಾಮ್ರದ ಎಳೆ ಟರ್ಮಿನಲ್‌ನಲ್ಲೇ ಹಸಿರುಗಟ್ಟುತ್ತದೆ, ಟಿನ್ ಲೇಪದ ತಂತಿಯನ್ನೇ ಕೇಳಿ. ಐಸೊಲೇಟೆಡ್ ಪೋರ್ಟ್ (ಒಳಗಿನ ಸರ್ಕ್ಯೂಟಿನಿಂದ ವಿದ್ಯುತ್ತಿನಲ್ಲಿ ಬೇರ್ಪಡಿಸಿದ್ದು) ಇಲ್ಲದ ಮಾಡೆಲ್ ಬೇಡವೇ ಬೇಡ. ಕೇಬಲ್ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗುವುದಾದರೆ ಎರಡೂ ಕಡೆ ಸರ್ಜ್ ಪ್ರೊಟೆಕ್ಟರ್ ಹಾಕಿಸಿ, ಅದೂ ಮಳೆಗಾಲದ ಮುಂಚಿನ ಗುಡುಗು-ಸಿಡಿಲು ಶುರುವಾಗುವ ಮೊದಲೇ.