ಟ್ರ್ಯಾಕ್ಟರ್ ಬಾನೆಟ್ ಹೊಸದಾಗಿ ಮಾಡಿಸುವ ಮುಂಚೆ ಇದನ್ನು ಓದಿ

ಇಂಜಿನ್ ಕೆಲಸಕ್ಕೆ ಸುಲಭ ಆಗಲಿ ಎಂದು ಟ್ರ್ಯಾಕ್ಟರಿನ ಬಾನೆಟ್ ಬದಲಾಯಿಸುವ ಯೋಚನೆ ಇದ್ದರೆ ಸ್ವಲ್ಪ ತಡೆಯಿರಿ. ನಾನು ಮಾಡಿಸಿ ಕೈ ಸುಟ್ಟುಕೊಂಡಿದ್ದೇನೆ. ಮುಂಗೈಗೆ ಏಟೂ ಬಿತ್ತು, ಅದು ಬೇರೆ ಕಥೆ, ಕೆಳಗೆ ಹೇಳುತ್ತೇನೆ.

ನನ್ನದು ಹಳೇ ಗಾಡಿ. ಮೇಲೊಂದು ತಗಡು, ಎರಡು ಪಕ್ಕಕ್ಕೆ ಎರಡು ತಗಡು, ಎಲ್ಲಕ್ಕೂ ಬೋಲ್ಟು. ಸೈಲೆನ್ಸರ್ ಕೊಳವೆ ಬಾನೆಟ್ಟಿನ ತೂತಿನಿಂದ ನೆಟ್ಟಗೆ ಮೇಲೆದ್ದಿತ್ತು. ರೇಡಿಯೇಟರ್ ಮುಂದಿನ ಜಾಲರಿ ಒರೆಸಬೇಕಾದರೆ ಸ್ಪ್ಯಾನರ್ ಹುಡುಕಬೇಕು, ಬೋಲ್ಟು ಬಿಚ್ಚಬೇಕು. ಒಂದು ಬೋಲ್ಟು ಹೊಟ್ಟಿನೊಳಗೆ ಬಿತ್ತೆಂದರೆ ಮುಗೀತು. ಇಷ್ಟೆಲ್ಲ ರಗಳೆ ಇದ್ದರೆ ದಿನಾ ಮಾಡಬೇಕಾದ ಕೆಲಸ ವಾರಕ್ಕೊಮ್ಮೆ ಆಗುತ್ತದೆ, ಅಲ್ವಾ? ಒಕ್ಕಣೆ ಸಮಯದಲ್ಲಿ ಜಾಲರಿ ಕಟ್ಟಿಕೊಂಡು ಎರಡು ಸಲ ಇಂಜಿನ್ ಹೀಟ್ ಆಯಿತು. ಇನ್ನು ಸಾಕು, ಒಂದೇ ತುಂಡಿನ ಬಾನೆಟ್ ಮಾಡಿಸೋಣ, ಮುಂದುಗಡೆ ಹಿಂಜ್ ಹಾಕಿ ಒಂದೇ ಕೈಯಲ್ಲಿ ಎತ್ತುವ ಹಾಗಿರಲಿ ಎಂದುಕೊಂಡೆ.

ಮುಂದೆ ಹಿಂಜ್ ಹಾಕಿದ್ದು ಮಾತ್ರ ಸರಿಯಾದ ತೀರ್ಮಾನ. ಲಾಕ್ ಬಿಟ್ಟುಹೋದರೂ ಓಡುವಾಗಿನ ಗಾಳಿ ಬಾನೆಟ್ಟನ್ನು ಕೆಳಕ್ಕೇ ಒತ್ತುತ್ತದೆ. ಹಿಂಜ್ ಹಿಂದೆ ಇದ್ದರೆ ಅದೇ ಗಾಳಿ ಅದನ್ನು ಎತ್ತಿ ಕಣ್ಣಿಗೆ ಅಡ್ಡ ತರುತ್ತದೆ. ಉಳಿದದ್ದೆಲ್ಲ ಎಡವಟ್ಟು.

ಮೊದಲನೆಯದು ತೂಕ. ಗಟ್ಟಿಯಾಗಿರಲಿ ಎಂದು 2 ಮಿಲಿಮೀಟರ್ ತಗಡು ಹೇಳಿದೆ. 1 ಮಿಲಿಮೀಟರ್ ಉಕ್ಕಿನ ತಗಡು ಚದರ ಮೀಟರಿಗೆ ಸುಮಾರು 8 ಕಿಲೋ ತೂಗುತ್ತದೆ. ನನ್ನ ಬಾನೆಟ್ಟಿಗೆ ಹತ್ತಿರ ಹತ್ತಿರ 2 ಚದರ ಮೀಟರ್ ಬೇಕಾಯಿತು. ಅಂದರೆ 16 ಕಿಲೋದಲ್ಲಿ ಮುಗಿಯಬೇಕಾದದ್ದು 31 ಕಿಲೋ ಆಯಿತು. ಹಿಂಜ್, ಪಟ್ಟಿ ಎಲ್ಲ ಬೇರೆ. ಒಂದೇ ಕೈಯಲ್ಲಿ ಎತ್ತುವುದು ಎಲ್ಲಿಂದ ಬಂತು? ಅದಕ್ಕೆ ಎರಡು ಗ್ಯಾಸ್ ಸ್ಟ್ರಟ್, ಅಂದರೆ ಒಳಗಿನ ಗ್ಯಾಸಿನ ಒತ್ತಡದಿಂದ ಬಾನೆಟ್ಟನ್ನು ಎತ್ತಿ ಹಿಡಿಯುವ ಕೊಳವೆ, ಹಾಕಿಸಿದೆ. ಹಾಕಿದವರು ಅದರ ಬುಡವನ್ನು ನೇರ ತಗಡಿಗೇ ಬೆಸೆದರು, ಒಳಗೆ ಒಂದು ದಪ್ಪ ಪಟ್ಟಿ ಕೂಡ ಕೊಡಲಿಲ್ಲ. ಇಂಜಿನ್ ಅದುರುವ ಜಾಗ, ಕೆಲವೇ ತಿಂಗಳಲ್ಲಿ ಬೆಸುಗೆಯ ಸುತ್ತ ತಗಡು ಬಿರುಕು ಬಿಟ್ಟಿತು. ನಾನು ನೋಡಲಿಲ್ಲ. ಒಂದು ಚಳಿಯ ಬೆಳಗ್ಗೆ ಆಯಿಲ್ ಕಡ್ಡಿ ಎಳೆಯುತ್ತಿದ್ದೆ. ಒಂದು ಕಡೆ ಕಿತ್ತುಬಂತು, ಇನ್ನೊಂದು ಸ್ಟ್ರಟ್‌ಗೆ ಒಬ್ಬಂಟಿಯಾಗಿ ಅಷ್ಟು ಭಾರ ಹಿಡಿಯಲು ಆಗಲಿಲ್ಲ. ಚಳಿಯಲ್ಲಿ ಒಳಗಿನ ಗ್ಯಾಸಿನ ಒತ್ತಡ ಹೇಗೂ ಕಮ್ಮಿ. ಅಂಚು ಮುಂಗೈ ಮೇಲೆ ಬಿತ್ತು. ಮೂಳೆ ಮುರಿಯಲಿಲ್ಲ, ಅದೇ ಪುಣ್ಯ. ಆಸರೆಗೆ ಒಂದು ಕಬ್ಬಿಣದ ರಾಡು ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ.

ಇನ್ನು ಸೈಲೆನ್ಸರ್. ಹಳೇ ಜಾಗದಲ್ಲೇ ತೂತು ಕೊರೆಸಿದ್ದೆವು. ಮೊದಲ ದಿನ ಎತ್ತಿದರೆ ತೂತಿನ ಹಿಂದಿನ ಅಂಚು ಕೊಳವೆಗೆ ಕಚ್ಚಿಕೊಂಡಿತು. ಮುಂದಿನ ಹಿಂಜಿನ ಮೇಲೆ ತಿರುಗುವ ಬಾನೆಟ್ ನೆಟ್ಟಗೆ ಮೇಲೇಳುವುದಿಲ್ಲ, ಮುಂದಕ್ಕೆ ಬಾಗುತ್ತಾ ಏಳುತ್ತದೆ. ಇದು ಹೊಳೆಯಲು ಇಂಜಿನಿಯರ್ ಆಗಬೇಕಿಲ್ಲ, ಒಂದು ರಟ್ಟು ಕತ್ತರಿಸಿ ಆಡಿಸಿ ನೋಡಿದ್ದರೆ ಸಾಕಿತ್ತು. ಆಮೇಲೆ ಕೊಳವೆಯನ್ನೇ ಪಕ್ಕಕ್ಕೆ ತಿರುಗಿಸಿದೆವು. ಆ ಮೂಲೆಯಲ್ಲಿ ಹೊಟ್ಟು ಕೂರತೊಡಗಿತು. ಒಂದು ಸಂಜೆ ಹೊಗೆ ವಾಸನೆ ಬಂದು ಎತ್ತಿ ನೋಡಿದರೆ ಕೊಳವೆಗೆ ಅಂಟಿದ ಹೊಟ್ಟು ಕೆಂಪಗೆ ಕನಲುತ್ತಿತ್ತು. ಡೀಸೆಲ್ ಪೈಪ್ ಒಂದು ಗೇಣು ದೂರ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಆದರೆ ನನ್ನನ್ನು ನಿಜವಾಗಿ ಹೈರಾಣ ಮಾಡಿದ್ದು ಇದ್ಯಾವುದೂ ಅಲ್ಲ, ಒಂದು ಫೋಮ್ ಪಟ್ಟಿ.

ಹಳೇ ಬಾನೆಟ್ಟಿನ ಒಳಗೆ, ರೇಡಿಯೇಟರಿನ ಸುತ್ತ ಬರುವ ಹಾಗೆ, ಕಪ್ಪು ಫೋಮ್ ಪಟ್ಟಿ ಇತ್ತು. ಅರ್ಧ ಹರಿದಿತ್ತು. ಸದ್ದು ಬರದಿರಲಿ ಎಂದು ಹಾಕಿದ್ದಾರೆ ಅಂದುಕೊಂಡು ಹೊಸದಕ್ಕೆ ಹಾಕಿಸಲೇ ಇಲ್ಲ. ಈಗ ರೇಡಿಯೇಟರ್ ಕನ್ನಡಿಯಂತೆ ಸ್ವಚ್ಛ, ದಿನಾ ಒರೆಸುತ್ತಿದ್ದೇನೆ, ಆದರೂ ಹೀಟ್ ಮುಳ್ಳು ಮೊದಲಿಗಿಂತ ಮೇಲೆ! ಥರ್ಮೋಸ್ಟಾಟ್ ಬದಲಾಯಿಸಿದೆ. ಬೆಲ್ಟ್ ಬಿಗಿ ಮಾಡಿಸಿದೆ. ವಾಟರ್ ಪಂಪ್ ಬಿಚ್ಚಿಸಿದೆ, ಅದು ಚೆನ್ನಾಗೇ ಇತ್ತು. ಕೊನೆಗೆ ಒಬ್ಬ ಹಿರಿಯ ಮೆಕ್ಯಾನಿಕ್ ಉದ್ದನೆಯ ಕೋಲಿನ ತುದಿಗೆ ನೂಲು ಕಟ್ಟಿ, ಇಂಜಿನ್ ಓಡುವಾಗ ಮುಂದಿನಿಂದ ರೇಡಿಯೇಟರ್ ಪಕ್ಕದ ಸಂದಿಗೆ ಹಿಡಿದರು. ನೂಲು ಒಳಕ್ಕೆ ಹೋಗಬೇಕಿತ್ತು, ಅಲ್ವಾ? ಹೊರಕ್ಕೆ ಹಾರಾಡಿತು.

"ಬಿಸಿ ಗಾಳಿನೇ ತಿರುಗಿ ಕುಡಿತಾ ಇದೆ ನಿಮ್ಮ ಗಾಡಿ" ಎಂದರು.

ಫ್ಯಾನ್ ಮುಂದಿನಿಂದ ತಂಪು ಗಾಳಿ ಎಳೆದು ರೇಡಿಯೇಟರ್ ದಾಟಿಸಿ ಇಂಜಿನ್ ಕಡೆ ತಳ್ಳುತ್ತದೆ. ಆ ಬಿಸಿ ಗಾಳಿ ಪಕ್ಕದ ಸಂದಿಯಿಂದ ಮುಂದಕ್ಕೆ ನುಸುಳಿದರೆ ಫ್ಯಾನ್ ಮತ್ತೆ ಅದನ್ನೇ ಎಳೆಯುತ್ತದೆ. ಆ ಸಂದಿ ಮುಚ್ಚಲೆಂದೇ ಫೋಮ್ ಇದ್ದದ್ದು. ನಾನು ಬಾನೆಟ್ ಅಂದರೆ ಮುಚ್ಚಳ ಅಂದುಕೊಂಡಿದ್ದೆ. ಅದು ಗಾಳಿ ಹೋಗುವ ಕೊಳವೆಯ ಒಂದು ಗೋಡೆ ಕೂಡ. ಪಕ್ಕದ ಸೀಳುಗಳನ್ನೂ ಅಂದ ನೋಡಿ ಚಿಕ್ಕದು ಮಾಡಿಸಿದ್ದೆ, ಒಳಗಿನ ಬಿಸಿ ಹೊರಗೆ ಹೋಗಲು ಜಾಗವೇ ಇರಲಿಲ್ಲ.

ಈಗಲೂ ಮಾಡಿಸಲೇಬೇಕು ಅನ್ನುವವರು ಮೊದಲು ಒಂದು ಕೆಲಸ ಮಾಡಿ. ಒಂದು ವಾರ, ಬೆಳಗ್ಗೆ ಗಾಡಿ ಶುರು ಮಾಡುವ ಮುಂಚೆ ಕೈ ಎಲ್ಲೆಲ್ಲಿ ಹೋಗುತ್ತದೆ ಎಂದು ಬರೆದಿಡಿ. ಆಯಿಲ್ ಕಡ್ಡಿ, ಕೂಲೆಂಟ್ ಮಟ್ಟ, ಏರ್ ಕ್ಲೀನರಿನ ಧೂಳು ಬೀಳಿಸುವ ರಬ್ಬರ್, ಡೀಸೆಲ್ ಫಿಲ್ಟರಿನ ನೀರು ಬಿಡುವ ತಿರುಪು, ಜಾಲರಿ. ಹೆಚ್ಚುಕಮ್ಮಿ ಇಷ್ಟೇ ಬರುತ್ತದೆ. ಇಷ್ಟಕ್ಕೆ ಇಡೀ ಬಾನೆಟ್ ಏಳಬೇಕಾಗಿಯೇ ಇಲ್ಲ. ಸ್ಪ್ಯಾನರ್ ಬೇಡದ, ಕಾಲು ಸುತ್ತು ತಿರುಗಿಸಿದರೆ ಬಿಚ್ಚುವ ಲಾಕಿನ ಪಕ್ಕದ ಬಾಗಿಲು ಸಾಕು. ಜಾಲರಿ ಪಕ್ಕಕ್ಕೆ ಜಾರಿ ಹೊರಬರುವ ಹಾಗಿರಲಿ. ಅಂದಹಾಗೆ, ಪಕ್ಕ ತೆರೆದಷ್ಟೂ ಫ್ಯಾನ್, ಬೆಲ್ಟ್ ಕೈಗೆ ಹತ್ತಿರ. ಆ ಭಾಗಕ್ಕೆ ಬೇರೆ ಕಾವಲು ತಗಡು ಇರಲೇಬೇಕು, ಇಂಜಿನ್ ನಿಲ್ಲಿಸದೆ ಬಾಗಿಲು ಮುಟ್ಟಲೇಬೇಡಿ. ಗಾಡಿ ಇನ್ನೂ ವಾರಂಟಿಯಲ್ಲಿದ್ದರೆ ಕತ್ತರಿಸುವ ಮುಂಚೆ ಕಂಪನಿಯವರನ್ನು ಕೇಳಿ.

ನಾನು ಕೊನೆಗೆ ಮಾಡಿಸಿದ್ದು ತೆಳು ತಗಡಿನದು. ಸೈಲೆನ್ಸರ್ ಮತ್ತೆ ಹಳೇ ಜಾಗಕ್ಕೆ ಹೋಯಿತು, ಅದರ ಮೇಲಿನ ತುಂಡು ಒಂದು ಕ್ಲಾಂಪ್ ಸಡಿಲಿಸಿದರೆ ಕೈಗೆ ಬರುತ್ತದೆ. ಬಾನೆಟ್ ಪೂರ್ತಿ ಎತ್ತುವುದು ವರ್ಷಕ್ಕೆ ಮೂರ್ನಾಲ್ಕು ಸಲ ಮಾತ್ರ. ಸ್ಟ್ರಟ್ ಇದ್ದರೂ ರಾಡು ಕೊಡದೆ ಕೈ ಒಳಗೆ ಹಾಕುವುದಿಲ್ಲ. ರಾಡಿಗೆ ಕೆಂಪು ಬಣ್ಣ ಬಳಿದಿದ್ದೇನೆ. ಮೊನ್ನೆ ಅದನ್ನು ತೆಗೆಯದೇ ಬಾನೆಟ್ ಮುಚ್ಚಲು ಹೋಗಿ ಹೊಸ ತಗಡನ್ನೂ ಸ್ವಲ್ಪ ಬಗ್ಗಿಸಿಟ್ಟೆ.