ದೊಡ್ಡ ಮನೆಯ ಖರ್ಚು: ಪೂರ್ತಿ ಬಳಸಿ, ಅರ್ಧಕ್ಕೆ ಬೀಗ ಹಾಕಿ, ಫ್ಲ್ಯಾಟಿನಲ್ಲಿದ್ದು ಕಂಡದ್ದು

ಉಡುಪಿ ಹತ್ತಿರದ ಹಿರಿಯಡ್ಕದ ಕಡೆ ನಮ್ಮದೊಂದು ಒಂಬತ್ತು ಕೋಣೆಗಳ ಹಂಚಿನ ಮನೆಯಿದೆ. ಮಾಡಿನ (ಛಾವಣಿಯ) ಮೇಲೆ ಸುಮಾರು 4,500 ಹಂಚುಗಳಿವೆ, ಒಳಗೆ ವಾಸಿಸುವವರು ನಾನು ಮತ್ತು ನನ್ನ ಹೆಂಡತಿ ಇಬ್ಬರೇ. 2017ರಿಂದ ಎರಡು ವರ್ಷ ಮನೆಯನ್ನು ಪೂರ್ತಿ ಬಳಸಿದೆವು, ಮುಂದಿನ ಎರಡು ವರ್ಷ ಪಡುಭಾಗದ ನಾಲ್ಕು ಕೋಣೆಗಳಿಗೆ ಬೀಗ ಹಾಕಿದೆವು, ಆಮೇಲೆ ಒಂದು ವರ್ಷ ಮಂಗಳೂರಿನ ಬಿಜೈಯಲ್ಲಿ ಮಗನ ಖಾಲಿ ಫ್ಲ್ಯಾಟಿನಲ್ಲಿದ್ದೆವು. ಮೂರು ಕ್ರಮಗಳ ಲೆಕ್ಕವನ್ನೂ ಒಂದೇ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದೇನೆ.

ಬೀಗ ಹಾಕಿದ್ದರಿಂದ ಉಳಿದದ್ದು ಮುಖ್ಯವಾಗಿ ಗುಡಿಸಿ ಒರೆಸುವ ಸಂಬಳ. ತಿಂಗಳಿಗೆ 2,000 ರೂಪಾಯಿ ಕೊಡುತ್ತಿದ್ದಲ್ಲಿ 1,200 ಸಾಕಾಯಿತು. ಕರೆಂಟು ತಿಂಗಳಿಗೆ ಹದಿನೈದು ಯೂನಿಟ್ ಕೂಡ ಇಳಿಯಲಿಲ್ಲ, ಏಕೆಂದರೆ ಖಾಲಿ ಕೋಣೆಗಳಲ್ಲಿ ಮೊದಲಾದರೂ ದೀಪ ಉರಿಸುತ್ತಿದ್ದವರು ಯಾರು? ಬಿಲ್ಲಿನ ನಿಗದಿತ ಶುಲ್ಕವಂತೂ ಮಂಜೂರಾದ ಲೋಡಿನ ಮೇಲೆ ಬೀಳುವುದರಿಂದ ಒಂದು ಪೈಸೆಯೂ ಕಡಿಮೆಯಾಗಲಿಲ್ಲ. ಬಾವಿಯ ಒಂದು ಎಚ್‌ಪಿ ಪಂಪು ದಿನಕ್ಕೊಂದು ಗಂಟೆ ಓಡಿ ಹೆಚ್ಚುಕಡಿಮೆ ಒಂದು ಯೂನಿಟ್ ತಿನ್ನುವುದೂ ಹಾಗೆಯೇ ಮುಂದುವರಿಯಿತು. ಎರಡು ವರ್ಷಕ್ಕೆ ಒಟ್ಟು ಉಳಿತಾಯ ಸುಮಾರು 22,000 ರೂಪಾಯಿ.

ಮಾಡಿನ ಖರ್ಚು ಮಾತ್ರ ಎರಡೂ ಕ್ರಮಗಳಲ್ಲಿ ಒಂದೇ. ಮಳೆಗಾಲಕ್ಕೆ ಮೊದಲು ಮೂವರು ಮೂರು ದಿನ ಹಂಚು ಕೈಯಾಡಿಸಿ, ಸಂದಿಯ ತರಗೆಲೆ ತೆಗೆದು, ಒಡೆದದ್ದನ್ನು ಬದಲಿಸಬೇಕು. ಆಗಿನ ಮಜೂರಿಯಲ್ಲಿ ಅದಕ್ಕೆ 8,100 ರೂಪಾಯಿ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಬೇರೆ ಬೇರೆ ಕಾರ್ಖಾನೆಗಳ ಹಂಚುಗಳು ಬಂದವು, ಆದರೆ ಒಂದರ ಅಚ್ಚಿನ ಹಂಚು ಇನ್ನೊಂದರ ತೋಡಿಗೆ ಸರಿಯಾಗಿ ಕೂರುವುದಿಲ್ಲ. ಹಾಗಾಗಿ ಎಲ್ಲಾದರೂ ಹಳೆಯ ಮನೆ ಕೆಡವುತ್ತಾರೆಂದು ಸುದ್ದಿ ಬಂದರೆ ಹಂಚು ಮಗುಚಿ ಹಿಂಬದಿಯ ಮುದ್ರೆ ನೋಡಲು ನಾನು ಓಡುತ್ತೇನೆ. ಹೆಂಡತಿಗೆ ಇದೊಂದು ತಮಾಷೆ.

ಎರಡನೆಯ ವರ್ಷದ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಜೋರು ಮಳೆಯಲ್ಲಿ, ಪಡುಭಾಗದ ಬಾಗಿಲು ತೆರೆದಾಗ ಬೀಗದ ನಿಜವಾದ ಬೆಲೆ ತಿಳಿಯಿತು. ಅಜ್ಜಿಯ ಮಂಚದ ಮೇಲೆ ಬಿಳಿ ಬೂಷ್ಟು ಹಿಡಿದಿತ್ತು. ದಾರಂದದ (ಬಾಗಿಲ ಚೌಕಟ್ಟಿನ) ಬದಿಯಲ್ಲಿ ಗೆದ್ದಲಿನ ಮಣ್ಣಿನ ಗೆರೆ ಬೆರಳಿನಷ್ಟು ದಪ್ಪವಾಗಿ ಮರದ ಮುಚ್ಚಿಗೆಯವರೆಗೂ ಹತ್ತಿತ್ತು, ಉಗುರಿನಿಂದ ಒತ್ತಿದರೆ ಮರ ರೊಟ್ಟಿನಂತೆ ಒಳಕ್ಕೆ ಹೋಯಿತು. ಮೇಲೆ ಒಂದೇ ಒಂದು ಹಂಚು ಜಾರಿ, ಪಕ್ಕಾಸಿನ (ಮಾಡು ಹೊರುವ ಇಳಿಜಾರು ಮರದ) ಮೇಲೆ ತೊಟ್ಟಿಕ್ಕುತ್ತಿದ್ದ ನೀರಿಗೆ ಎಲ್ಲವೂ ಶುರುವಾಗಿತ್ತು. ಆ ಕೋಣೆಯಲ್ಲಿ ಯಾರಾದರೂ ಮಲಗುತ್ತಿದ್ದರೆ ಮೊದಲ ರಾತ್ರಿಯೇ ಗೊತ್ತಾಗುತ್ತಿತ್ತು. ಮಾಡಿನ ಕೆಲಸಕ್ಕೆ ಬರುವ ಹಿರಿಯರು ನೋಡಿ, "ಧನಿಗಳೇ, ನೀವು ಬೀಗ ಹಾಕಿದ್ದು ಬಾಗಿಲಿಗಲ್ಲವೇ, ಮಾಡಿಗಲ್ಲವಲ್ಲ" ಎಂದರು. ದಾರಂದ, ಎರಡು ಪಕ್ಕಾಸು, ಹಂಚು ಕೂರಿಸುವ ರೀಪು, ಗೆದ್ದಲಿನ ಔಷಧಿ ಎಲ್ಲ ಸೇರಿ 38,000 ರೂಪಾಯಿ ಹೋಯಿತು.

ಫ್ಲ್ಯಾಟಿನ ವಿಷಯ ಹೆಚ್ಚೇನಿಲ್ಲ. ಆಗ ತಿಂಗಳಿಗೆ 2,800 ರೂಪಾಯಿ ನಿರ್ವಹಣಾ ಶುಲ್ಕ ಕೊಟ್ಟರೆ ಮಾಡು, ಪಂಪು, ಅಂಗಳದ ಚಿಂತೆ ನಮ್ಮದಾಗಿರಲಿಲ್ಲ. ಬಿರುಬೇಸಗೆಯಲ್ಲಿ ಟ್ಯಾಂಕರ್ ನೀರಿನ ಪಾಲು ಬೇರೆ. ಊರಿನಲ್ಲಿ ನಮ್ಮದೇ ತೆಂಗಿನ ಮಡಲು, ಸಿಪ್ಪೆಗಳಿಂದ ಹಂಡೆ ಕಾಯುತ್ತದೆ, ಖರ್ಚೆಂದರೆ ಅವನ್ನು ಮಳೆಗೆ ಮೊದಲು ಕೊಟ್ಟಿಗೆಗೆ ಸೇರಿಸುವ ಕೂಲಿ. ಫ್ಲ್ಯಾಟಿನಲ್ಲಿ ಎರಡು ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆಗೆ ಒಂದು ಯೂನಿಟ್ ಎಳೆಯುತ್ತದೆ. ಫ್ಲ್ಯಾಟ್ ಒಂದನ್ನೇ ಲೆಕ್ಕ ಹಾಕಿದರೆ ಅಗ್ಗವೆಂದು ಒಪ್ಪುತ್ತೇನೆ, ಖರ್ಚು ಪ್ರತಿ ತಿಂಗಳೂ ಒಂದೇ ಆಗಿರುವ ನೆಮ್ಮದಿಯೂ ಇದೆ. ಆದರೆ ಹಿರಿಯಡ್ಕದ ಮಾಡು ನಾವಿಲ್ಲವೆಂದು ಮಳೆಗೆ ರಜೆ ಕೊಡಲಿಲ್ಲ. ಹಂಚು ಕೈಯಾಡಿಸುವುದು, ಹುಲ್ಲು ಕಡಿಸುವುದು, ವಾರಕ್ಕೆರಡು ಸಲ ಬಾಗಿಲು ತೆರೆದು ಗಾಳಿಯಾಡಿಸುವವರಿಗೆ ತಿಂಗಳಿಗೆ 1,500 ರೂಪಾಯಿ, ಇವೆಲ್ಲ ಸೇರಿದಾಗ ಮೂರರಲ್ಲಿ ಅದೇ ದುಬಾರಿ ವರ್ಷವಾಯಿತು.

ಮನೆ ಮಾರುವುದಾದರೆ ಫ್ಲ್ಯಾಟ್ ಸರಿ. ಇಟ್ಟುಕೊಳ್ಳುವುದಾದರೆ ಪೂರ್ತಿ ಬಳಸುವುದೇ ಕಡಿಮೆ ಖರ್ಚಿನ ದಾರಿ ಎಂದು ತೀರ್ಮಾನಿಸಿ, ಈಗ ತಿಂಗಳಿಗೊಂದು ಕೋಣೆಯಂತೆ ಮಲಗುವ ಜಾಗ ಬದಲಿಸುತ್ತಿದ್ದೇವೆ. ಈ ಮಳೆಗಾಲವೆಲ್ಲ ಪಡುಕೋಣೆಯ ಸರದಿ.